ಅಂಬಿ ಲಾಂಚಲ್ಲಿ (ನಿಂತಲ್ಲಿಂದ ಜೋರಾಗಿ ಹೊರಡೋವಾಗ) ಹಿಂದುಗಡೆ ದಡದಡ ಕುಣಿಯುತ್ತೆ: ಪಟ್ಟೆನೇ (ಲೀಫ್ ಸ್ಪ್ರಿಂಗ್) ಇಟ್ಕೊಳ್ಳೋದಾ, ಲ್ಯಾಡರ್ ಬಾರ್ ಹಾಕ್ಸೋದಾ, ಫೋರ್ ಲಿಂಕಾ?

ರಾಜಾಜಿನಗರ_ಅಂಬಿ:
ಎಲ್ರಿಗೂ ನಮಸ್ಕಾರ. ನಂದು ಅಂಬಾಸಿಡರ್, ಇಸುಜು 1.8 ಪೆಟ್ರೋಲ್. ಹೆಡ್ ಪೋರ್ಟಿಂಗ್ ಆಗಿದೆ, ಕಾರ್ಬ್ಯುರೇಟರ್ ದೊಡ್ಡದು, ಎಕ್ಸಾಸ್ಟ್ ಫ್ರೀ ಫ್ಲೋ, ಟರ್ಬೋ ಗಿರ್ಬೋ ಏನಿಲ್ಲ. ವಾರಪೂರ್ತಿ ಪೀಣ್ಯಕ್ಕೆ ಕೆಲಸಕ್ಕೆ ಹೋಗೋದೂ ಇದರಲ್ಲೇ, ವರ್ಷಕ್ಕೆ ಒಂದೋ ಎರಡೋ ಸಲ 402 ಮೀಟರ್ ಡ್ರ್ಯಾಗ್ ಓಡ್ಸೋದೂ ಇದರಲ್ಲೇ.

ಸಮಸ್ಯೆ ಏನಪ್ಪಾ ಅಂದ್ರೆ 3500 ಆರ್‌ಪಿಎಮ್‌ನಲ್ಲಿ ಕ್ಲಚ್ ಬಿಟ್ಟ ತಕ್ಷಣ ಟೈರ್ ಸುಮ್ನೆ ಸ್ಪಿನ್ ಆಗಲ್ಲ, ಹಿಂದಿನ ಸೀಟ್ ಕೆಳಗೆ ಯಾರೋ ಸುತ್ತಿಗೆಯಲ್ಲಿ ಬಡಿದ ಹಾಗೆ ದಡ್ ದಡ್ ದಡ್ ಅಂತ ಇಡೀ ಹೌಸಿಂಗ್ (ಹಿಂದಿನ ಆಕ್ಸಲ್‌ನ ಕಬ್ಬಿಣದ ಕವಚ) ಕುಣಿಯುತ್ತೆ, ಆಕ್ಸಿಲರೇಟರ್ ಬಿಡೋವರೆಗೂ ನಿಲ್ಲಲ್ಲ. ಹೋದ ಸಲ ಯೂಜೆ ಕ್ರಾಸ್ (ಪ್ರೊಪೆಲ್ಲರ್ ಶಾಫ್ಟ್‌ನ ಜಾಯಿಂಟ್) ಪುಡಿ ಆಯ್ತು, ಟೋ ಮಾಡಿಸ್ಕೊಂಡು ಬಂದೆ. ಒಬ್ರು ಫ್ಯಾಬ್ರಿಕೇಟರ್ ಪಟ್ಟೆ ಬಿಚ್ಚಿ ಬಿಸಾಕಿ ಲ್ಯಾಡರ್ ಬಾರ್ (ಹೌಸಿಂಗ್ ತಿರುಗದ ಹಾಗೆ ಹಿಡಿಯೋ ಉದ್ದ ಬಾರ್), ಕಾಯಿಲ್ ಓವರ್ (ಶಾಕ್ ಅಬ್ಸಾರ್ಬರ್ ಸುತ್ತ ಕೂರೋ ಸ್ಪ್ರಿಂಗ್) ಹಾಕ್ಕೊಡ್ತೀನಿ ನಲವತ್ತು ಸಾವಿರ ಆಗುತ್ತೆ ಅಂತಾರೆ. ಅಮೆರಿಕದವರ ವಿಡಿಯೋದಲ್ಲೂ ಅದೇ ಇರುತ್ತೆ. ಹಾಕ್ಸ್ಲಾ?

ಹೆಸರಘಟ್ಟ_ಹುಡ್ಗ:
ಗುರು ಟೈರ್ ಯಾವ್ದು? ರೋಡ್ ಮೇಲೆ ಟೈರ್ ಗೆರೆ ಎರಡೂ ಕಡೆ ಬಿದ್ದಿದ್ಯಾ ಒಂದೇ ಕಡೆನಾ? ಒಂದು ವಿಡಿಯೋ ಹಾಕು, ಬಂಪರ್ ಕೆಳಗಿಂದ ಪಟ್ಟೆ ಕಾಣೋ ಹಾಗೆ.

ರಾಜಾಜಿನಗರ_ಅಂಬಿ:
15 ಇಂಚು ಮಾಮೂಲಿ ರೋಡ್ ಟೈರೇ. ಗೆರೆ ಬಲಗಡೆ ಮಾತ್ರ, ಅದೂ ಚುಕ್ಕೆ ಚುಕ್ಕೆ ಥರ. ವಿಡಿಯೋ ಹಾಕಿದೀನಿ, ಪಟ್ಟೆ ಪಕ್ಕ ಸೀಮೆಸುಣ್ಣದಲ್ಲಿ ಗೆರೆ ಎಳೆದು ಸ್ಲೋ ಮೋಷನ್‌ನಲ್ಲಿ ತೆಗ್ದಿದ್ದು.

ಪೀಣ್ಯ_ಲೇತ್:
ವಿಡಿಯೋ ನೋಡ್ದೆ, ಚೆನ್ನಾಗಿ ತೆಗ್ದಿದೀರ. ನಲವತ್ತು ಸಾವಿರ ಜೇಬಲ್ಲೇ ಇರ್ಲಿ ಸದ್ಯಕ್ಕೆ.

ಅಲ್ಲಿ ಆಗ್ತಿರೋದು ಇಷ್ಟು. ಟೈರ್ ಮುಂದಕ್ಕೆ ತಿರುಗೋಕೆ ಹೋದಾಗ ಹೌಸಿಂಗ್ ಅದಕ್ಕೆ ಉಲ್ಟಾ ತಿರುಗೋಕೆ ನೋಡುತ್ತೆ, ಅಂದ್ರೆ ಪಿನಿಯನ್ (ಪ್ರೊಪೆಲ್ಲರ್ ಶಾಫ್ಟ್ ಸೇರೋ ಗೇರ್) ಮೂತಿ ಮೇಲಕ್ಕೆ ಎತ್ತುತ್ತೆ. ಅದನ್ನ ಹಿಡ್ಕೊಳ್ಳೋಕೆ ನಿಮ್ಮ ಗಾಡೀಲಿ ಪಟ್ಟೆ ಬಿಟ್ರೆ ಬೇರೆ ಏನೂ ಇಲ್ಲ. ಪಟ್ಟೆಯ ಮುಂದಿನ ಅರ್ಧ ಮೇಲಕ್ಕೆ ಬಾಗುತ್ತೆ, ಹಿಂದಿನ ಅರ್ಧ ಕೆಳಕ್ಕೆ, ಪಕ್ಕದಿಂದ ನೋಡಿದ್ರೆ ಹಾವಿನ ಥರ ಡೊಂಕು. ಒಂದು ಹಂತ ಆದ್ಮೇಲೆ ಟೈರ್ ಹಿಡಿತ ಬಿಡುತ್ತೆ, ಪಟ್ಟೆ ಟಪ್ ಅಂತ ವಾಪಸ್ ಬರುತ್ತೆ, ಟೈರ್ ಮತ್ತೆ ಹಿಡಿಯುತ್ತೆ, ಮತ್ತೆ ಡೊಂಕು. ಇದು ಸೆಕೆಂಡಿಗೆ ಹತ್ತಾರು ಸಲ ಆಗೋದೇ ನಿಮ್ಮ ದಡದಡ. ಚುಕ್ಕೆ ಚುಕ್ಕೆ ಗೆರೆ ಬಿದ್ದಿರೋದೂ ಅದಕ್ಕೇ, ಯೂಜೆ ಕ್ರಾಸ್ ಹೋಗಿದ್ದೂ ಅದಕ್ಕೇ.

ಆದ್ರೆ ಈ ಪವರ್‌ಗೆ, ಮಾಮೂಲಿ ಟೈರ್‌ನಲ್ಲಿ, ಇಷ್ಟೊಂದು ಕುಣಿಬಾರ್ದು. ಏನೋ ಸಡಿಲ ಇದೆ. ಗಾಡಿ ನೆಲದ ಮೇಲೆ ನಿಂತಿರೋವಾಗ್ಲೇ, ಜ್ಯಾಕ್ ಮೇಲೆ ಅಲ್ಲ, ಮೂರು ವಿಷಯ ನೋಡಿ ಹೇಳಿ: ಪಟ್ಟೆಯ ಮುಂದಿನ ಕಣ್ಣಿನ (ತುದಿಯ ಸುರುಳಿ) ಬೋಲ್ಟ್‌ನಿಂದ ಆಕ್ಸಲ್ ಮಧ್ಯಕ್ಕೆ ಎರಡೂ ಕಡೆ ಅಳತೆ, ಪ್ರೊಪೆಲ್ಲರ್ ಶಾಫ್ಟ್‌ಗೂ ಪಿನಿಯನ್‌ಗೂ ಇರೋ ಕೋನ (ಫೋನಲ್ಲಿ ಲೆವೆಲ್ ಆಪ್ ಇರುತ್ತಲ್ಲ ಅದು ಸಾಕು), ಪಟ್ಟೆಗೂ ಹೌಸಿಂಗ್‌ಗೂ ಮಧ್ಯ ಏನಾದ್ರೂ ಇದ್ಯಾ.

ಕಂಟೆಸ್ಸಾ_ಪಕ್ಷ:
ಲೇತ್ ಅಣ್ಣ ಹೇಳಿದ್ದು ಸರಿ, ಆದ್ರೂ ನಮ್ಮ ಪಕ್ಷದ ವಾದ ಕೇಳಿ. ಕಂಟೆಸ್ಸಾದಲ್ಲಿ ಫ್ಯಾಕ್ಟರಿಯಿಂದ್ಲೇ ಹಿಂದೆ ಕಾಯಿಲ್ ಸ್ಪ್ರಿಂಗ್, ಹೌಸಿಂಗ್ ಹಿಡ್ಕೊಳ್ಳೋಕೆ ಕಬ್ಬಿಣದ ತೋಳಿನ ಥರ ಲಿಂಕ್‌ಗಳು. ಸ್ಪ್ರಿಂಗ್ ಭಾರ ಹೊರುತ್ತೆ, ಲಿಂಕ್ ಹೌಸಿಂಗ್ ಹಿಡಿಯುತ್ತೆ, ಅವರವರ ಕೆಲಸ ಅವರವರಿಗೆ. ಪಟ್ಟೆ ಪಾಪ ಒಂದೇ ಎರಡೂ ಮಾಡ್ಬೇಕು.

ಫೋರ್ ಲಿಂಕ್‌ನ ಮಜಾ ಏನಂದ್ರೆ, ಪಕ್ಕದಿಂದ ನೋಡಿ ಮೇಲಿನ ಲಿಂಕ್, ಕೆಳಗಿನ ಲಿಂಕ್ ಎರಡನ್ನೂ ಮುಂದಕ್ಕೆ ಎಳೆದ್ರೆ ಒಂದು ಕಡೆ ಸೇರುತ್ತಲ್ಲ, ಆ ಬಿಂದು ಗಾಡಿನ ಎಲ್ಲಿಂದ ಎತ್ತಿ ತಳ್ಳಬೇಕು ಅಂತ ನಿರ್ಧಾರ ಮಾಡುತ್ತೆ. ಹತ್ತಿರ, ಎತ್ತರದಲ್ಲಿ ಇಟ್ರೆ ಟೈರ್‌ಗೆ ಫಟ್ ಅಂತ ಏಟು, ಹಿಂಭಾಗ ಕೂರೋ ಬದಲು ಏಳುತ್ತೆ. ದೂರ, ತಗ್ಗಿನಲ್ಲಿ ಇಟ್ರೆ ಮೆತ್ತಗೆ, ಗಾಡಿ ಹಿಂದೆ ಕೂತ್ಕೊಂಡು ಹೋಗುತ್ತೆ. ತೂತು ಬದಲಾಯ್ಸಿ ಬೋಲ್ಟ್ ಹಾಕಿದ್ರೆ ಆಯ್ತು. ಲ್ಯಾಡರ್ ಬಾರ್‌ನಲ್ಲಿ ಈ ಆಟ ಇಲ್ಲ, ಬಾರ್‌ನ ಮುಂದಿನ ಪಿವಟ್ಟೇ ಆ ಬಿಂದು, ಒಂದೆರಡು ತೂತು ಮೇಲೆ ಕೆಳಗೆ ಅಷ್ಟೇ.

ಬರೀ ಡ್ರ್ಯಾಗ್ ಗಾಡಿ, ಸ್ಲಿಕ್ (ಗಾಡಿ ಇಲ್ಲದ ನುಣುಪಾದ) ಟೈರ್, ಟ್ರೇಲರ್ ಮೇಲೆ ಬಂದು ಟ್ರೇಲರ್ ಮೇಲೆ ಹೋಗುತ್ತೆ ಅಂದ್ರೆ ಕಣ್ಣುಮುಚ್ಚಿ ಫೋರ್ ಲಿಂಕ್ ಅಂತೀನಿ.

ಪೀಣ್ಯ_ಲೇತ್:
ಪಕ್ಷದವ್ರೇ, ಆ ಕೊನೇ ಸಾಲು ದಪ್ಪಕ್ಷರದಲ್ಲಿ ಹಾಕ್ಬೇಕಿತ್ತು 😄 ಈ ಗಾಡಿ ದಿನಾ ತುಮಕೂರು ರೋಡಲ್ಲಿ ಓಡ್ಬೇಕು.

ಲ್ಯಾಡರ್ ಬಾರ್ ಬಗ್ಗೆ ಹೇಳ್ಬಿಡ್ತೀನಿ, ಯಾಕಂದ್ರೆ ಎಲ್ರೂ ಅದ್ರಲ್ಲೇ ದುಡ್ಡು ಕಳ್ಕೊಳ್ಳೋದು. ಬಾರ್ ಹಿಂದೆ ಹೌಸಿಂಗ್‌ಗೆ ಮೇಲೆ ಕೆಳಗೆ ಎರಡು ಕಡೆ ಬಿಗಿ, ಮುಂದೆ ಒಂದೇ ಪಿವಟ್. ನೇರ ರೋಡಲ್ಲಿ ಎರಡೂ ಚಕ್ರ ಒಟ್ಟಿಗೆ ಏಳೋದು ಇಳಿಯೋದು ಮಾಡಿದ್ರೆ ಬಂಗಾರ. ಒಂದು ಚಕ್ರ ಹಂಪ್ ಮೇಲೆ, ಇನ್ನೊಂದು ಗುಂಡಿ ಒಳಗೆ ಅಂದ್ರೆ ಎರಡು ಬಾರ್ ಬೇರೆ ಬೇರೆ ಕೋನಕ್ಕೆ ತಿರುಗ್ಬೇಕು, ಹೌಸಿಂಗ್ ಬಿಡಲ್ಲ, ಆವಾಗ ಹೌಸಿಂಗ್ ಟ್ಯೂಬೇ ತಿರುಚ್ಬೇಕು ಇಲ್ಲಾ ಬ್ರ್ಯಾಕೆಟ್ ವೆಲ್ಡಿಂಗ್ ಬಿಡ್ಬೇಕು. ನಮ್ಮೂರಲ್ಲಿ ಯಾವ ರೋಡಲ್ಲಿ ಎರಡು ಚಕ್ರ ಒಂದೇ ಎತ್ತರದಲ್ಲಿ ಇರುತ್ತೆ ನೀವೇ ಹೇಳಿ. ಪಟ್ಟೆ ಇಟ್ಕೊಂಡೇ ಲ್ಯಾಡರ್ ಬಾರ್ ಹಾಕ್ತೀನಿ ಅಂದ್ರೆ ಇನ್ನೂ ತಮಾಷೆ, ಪಟ್ಟೆ ಒಂದು ದಾರೀಲಿ ಹೋಗುತ್ತೆ ಬಾರ್ ಇನ್ನೊಂದು ದಾರೀಲಿ, ಪಟ್ಟೆ ಕೂರೋ ಪ್ಯಾಡ್ ಜಾರೋ ಥರ ಮಾಡ್ದೇ ಇದ್ರೆ ಒಂದನ್ನೊಂದು ಮುರಿಯುತ್ತೆ. ಪಟ್ಟೆ ತೆಗೆದ್ರೆ ಹೌಸಿಂಗ್ ಎಡಬಲ ಓಡಾಡ್ದೇ ಇರೋಕೆ ಪ್ಯಾನ್‌ಹಾರ್ಡ್ ರಾಡ್ ಬೇರೆ ಬೇಕು. ಫ್ಯಾಬ್ರಿಕೇಟರ್ ಕೊಟೇಶನ್‌ನಲ್ಲಿ ಅದು ಇದ್ಯಾ?

ಜೊತೆಗೆ ಛಾಸಿ ಕುಯ್ದು ವೆಲ್ಡ್ ಮಾಡಿದ್ರೆ ಗಾಡಿ ಮಾರ್ಪಾಡಿನ ಬಗ್ಗೆ ಇರೋ ಮೋಟಾರು ವಾಹನ ಕಾಯ್ದೆ ಸೆಕ್ಷನ್ 52 ನೆನಪಿಟ್ಕೊಳ್ಳಿ, ಎಫ್‌ಸಿಗೆ (ಫಿಟ್ನೆಸ್ ಸರ್ಟಿಫಿಕೇಟ್) ಹೋದಾಗ ಆರ್‌ಟಿಓದಲ್ಲಿ ಕೆಳಗೆ ಬಗ್ಗಿ ನೋಡ್ತಾರೆ. ಬೋಲ್ಟ್ ಹಾಕಿದ್ದನ್ನ ಬಿಚ್ಬೋದು.

ರಾಜಾಜಿನಗರ_ಅಂಬಿ:
ಅಳತೆ ತಗೊಂಡೆ ಅಣ್ಣ, ತಲೆ ಕೆಟ್ಟೋಯ್ತು. ಎಡಗಡೆ ಕಣ್ಣಿಂದ ಆಕ್ಸಲ್‌ಗೆ ಬಲಗಡೆಗಿಂತ 9 ಮಿಮೀ ಜಾಸ್ತಿ. ಪಟ್ಟೆಗೂ ಹೌಸಿಂಗ್‌ಗೂ ಮಧ್ಯ ಎರಡು ಇಂಚು ಕಬ್ಬಿಣದ ಬ್ಲಾಕ್ ಇದೆ, ಗಾಡಿ ತಗ್ಗು ಮಾಡೋಕೆ ಹಿಂದೆ ಒಂದು ಗ್ಯಾರೇಜಲ್ಲಿ ಹಾಕಿದ್ದು, ನಂಗೆ ಗೊತ್ತೇ ಇರ್ಲಿಲ್ಲ. ಬ್ಲಾಕ್ ಜೊತೆ ಒಂದು ಆಪಿನ (ಬೆಣೆ) ಥರ ತುಂಡು ಇದೆ, ಅದರ ದಪ್ಪ ಕಡೆ ನೋಡಿದ್ರೆ ಪಿನಿಯನ್ ಮೂತಿ ನಿಂತಲ್ಲೇ 2 ಡಿಗ್ರಿ ಮೇಲಕ್ಕೆ ಇದೆ. ಪಟ್ಟೆನ ಹೌಸಿಂಗ್‌ಗೆ ಬಿಗಿಯೋ ಯು ಬೋಲ್ಟ್ ನಟ್ ಕೈಯಲ್ಲೇ ಅರ್ಧ ಸುತ್ತು ತಿರುಗ್ತು 🙏

ಪೀಣ್ಯ_ಲೇತ್:
ಸಿಕ್ತಲ್ಲ ಕಳ್ಳ.

ಬ್ಲಾಕ್ ಅಂದ್ರೆ ಹೌಸಿಂಗ್‌ಗೆ ನಾವೇ ಉದ್ದದ ಸ್ಪ್ಯಾನರ್ ಕೊಟ್ಟ ಹಾಗೆ, ಪಟ್ಟೆನ ಡೊಂಕು ಮಾಡೋಕೆ ಇನ್ನೂ ಸುಲಭ. ಆಪು ಉಲ್ಟಾ ಹಾಕಿದಾರೆ. ಪಟ್ಟೆ ಗಾಡೀಲಿ ಪಿನಿಯನ್ ಹೇಗೂ ಮೇಲೆ ಏಳುತ್ತೆ ಅಂತ ನಿಂತಾಗ 3-4 ಡಿಗ್ರಿ ಮೂತಿ ಕೆಳಗೆ ಇಡ್ಬೇಕು, ಎಳೆಯೋವಾಗ ಶಾಫ್ಟ್ ಜೊತೆ ನೇರ ಆಗ್ಲಿ ಅಂತ. ಫೋರ್ ಲಿಂಕ್‌ಗಾದ್ರೆ 1-2 ಡಿಗ್ರಿ ಸಾಕು, ಅಲ್ಲಿ ಅಷ್ಟು ತಿರುಗಲ್ಲ. ಇನ್ನು ಆ 9 ಮಿಮೀ, ಎಡಗಡೆ ಸೆಂಟರ್ ಬೋಲ್ಟ್ (ಪಟ್ಟೆ ಮಧ್ಯ ಹಾದು ಹೌಸಿಂಗ್ ಜಾರದ ಹಾಗೆ ಹಿಡಿಯೋದು) ತಲೆ ಹಾರಿ ಹೌಸಿಂಗ್ ಹಿಂದಕ್ಕೆ ಜಾರಿದೆ, ಬಿಚ್ಚಿದ್ರೆ ಸಿಗುತ್ತೆ ನೋಡಿ.

ಮಾಡ್ಬೇಕಾದ್ದು: ಬ್ಲಾಕ್ ಕಿತ್ತು ಬಿಸಾಕಿ. ಹೊಸ ಸೆಂಟರ್ ಬೋಲ್ಟ್, ಹೊಸ ಯು ಬೋಲ್ಟ್, ಜೆಸಿ ರೋಡಲ್ಲಿ ಸಿಗುತ್ತೆ, ಹಳೇ ಯು ಬೋಲ್ಟ್ ಮತ್ತೆ ಹಾಕ್ಬೇಡಿ. ಕಣ್ಣಿನ ಬುಷ್, ಶ್ಯಾಕಲ್ (ಪಟ್ಟೆಯ ಹಿಂದಿನ ತುದಿ ತೂಗೋ ಕೊಂಡಿ) ಬುಷ್ ಹೊಸದು, ಅದರ ಬೋಲ್ಟ್ ಕೊನೇ ಟೈಟ್ ಮಾಡೋದು ಗಾಡಿ ಚಕ್ರದ ಮೇಲೆ ನಿಂತ್ಮೇಲೇ, ಇಲ್ಲಾಂದ್ರೆ ರಬ್ಬರ್ ತಿರುಚ್ಕೊಂಡೇ ಇದ್ದು ಹರಿಯುತ್ತೆ. ಪಟ್ಟೆಯ ಮುಂದಿನ ಅರ್ಧಕ್ಕೆ ಎರಡು ಕ್ಲ್ಯಾಂಪ್ ಜಾಸ್ತಿ ಹಾಕಿ, ಹಿಂದಿನ ಅರ್ಧ ಸಡಿಲ ಬಿಡಿ. ಅಮೆರಿಕದಲ್ಲಿ ಕ್ರೈಸ್ಲರ್‌ನವ್ರು ಆಕ್ಸಲ್‌ನ ಮುಂದಿನ ಕಣ್ಣಿಗೆ ಹತ್ತಿರ ಕೂರ್ಸಿ ಮುಂದಿನ ಭಾಗ ಗಿಡ್ಡ, ಗಟ್ಟಿ ಇಡ್ತಿದ್ರು, ಇದೂ ಅದೇ ಉಪಾಯ. ದಯವಿಟ್ಟು ಕ್ಲ್ಯಾಂಪ್‌ನ ಪಟ್ಟೆಗೆ ವೆಲ್ಡ್ ಮಾಡಿಸ್ಬೇಡಿ, ಒಂದು ಕಿಡಿ ಬಿದ್ದ ಜಾಗದಲ್ಲೂ ಪಟ್ಟೆ ಹದ ಕೆಟ್ಟು ಅಲ್ಲಿಂದ್ಲೇ ಬಿರುಕು ಬಿಡುತ್ತೆ.

ಇಷ್ಟಾದ್ಮೇಲೂ ಕುಣಿದ್ರೆ ಟ್ರ್ಯಾಕ್ಷನ್ ಬಾರ್. ಯು ಬೋಲ್ಟ್ ಪ್ಲೇಟ್‌ಗೆ ಬೋಲ್ಟ್ ಆಗಿ ಪಟ್ಟೆ ಕೆಳಗೆ ಮುಂದಕ್ಕೆ ಹೋಗೋ ಬಾರ್, ತುದೀಲಿ ರಬ್ಬರ್ ಗುಂಡು. ಹೌಸಿಂಗ್ ತಿರುಗಿದಾಗ ಗುಂಡು ಮೇಲೆದ್ದು ಕಣ್ಣಿನ ಕೆಳಗೆ ತಾಗಿ ಅಲ್ಲೇ ನಿಲ್ಲಿಸುತ್ತೆ. ಗುಂಡು ಕಣ್ಣಿನ ಕೆಳಗೇ ಬರ್ಬೇಕು, ಪಟ್ಟೆ ಮಧ್ಯ ತಾಗಿದ್ರೆ ಪಟ್ಟೆ ಬಾಗುತ್ತೆ. ಅರ್ಧ ಇಂಚು ಗ್ಯಾಪ್‌ನಿಂದ ಶುರು ಮಾಡಿ, ದಿನಾ ಓಡ್ಸೋವಾಗ ಅದು ಏನಕ್ಕೂ ತಾಗಲ್ಲ.

ಹೆಸರಘಟ್ಟ_ಹುಡ್ಗ:
ಬಲಗಡೆ ಮಾತ್ರ ಗೆರೆ ಯಾಕೆ ಅಂತ ಯಾರೂ ಹೇಳ್ಲೇ ಇಲ್ವಲ್ಲ?

ಪೀಣ್ಯ_ಲೇತ್:
ಪ್ರೊಪೆಲ್ಲರ್ ಶಾಫ್ಟ್ ತಿರುಗೋ ದಿಕ್ಕಿಗೆ ಹೌಸಿಂಗ್‌ನ ಎಡಗಡೆ ನೆಲಕ್ಕೆ ಒತ್ತುತ್ತೆ, ಬಲಗಡೆ ಎತ್ತುತ್ತೆ. ಹಗುರ ಆದ ಚಕ್ರ ಸ್ಪಿನ್ ಆಗುತ್ತೆ, ಮಾಮೂಲಿ ಡಿಫರೆನ್ಶಿಯಲ್ ಎರಡೂ ಚಕ್ರಕ್ಕೆ ಅಷ್ಟೇ ಬಲ ಕೊಡುತ್ತೆ, ಎಡಗಡೆ ಹಿಡಿತ ಇದ್ರೂ ಪ್ರಯೋಜನ ಇಲ್ಲ. ಅಮೆರಿಕದವ್ರಿಗೆ ಬಲಗಡೆ ಖಾಲಿ ಸೀಟು, ನಮ್ಗೆ ಅಲ್ಲಿ ಡ್ರೈವರ್ರೇ ಕೂತಿರ್ತಾನೆ, ಆ ಲೆಕ್ಕದಲ್ಲಿ ನಾವು ಪುಣ್ಯವಂತ್ರು. ಬಲಗಡೆ ಗುಂಡಿನ ಗ್ಯಾಪ್ ಎಡಗಡೆಗಿಂತ ಸ್ವಲ್ಪ ಕಮ್ಮಿ ಇಟ್ರೆ ಬಲ ಟೈರ್ ಮೊದ್ಲು ಒತ್ತುತ್ತೆ.

ರಾಜಾಜಿನಗರ_ಅಂಬಿ:
ಮೂರು ವಾರ ಆಯ್ತು, ಅಪ್‌ಡೇಟ್. ಬಿಚ್ಚಿದಾಗ ಎಡಗಡೆ ಸೆಂಟರ್ ಬೋಲ್ಟ್ ತಲೆ ಬ್ಲಾಕ್‌ನ ತೂತಲ್ಲೇ ಉಳ್ಕೊಂಡಿತ್ತು, ಗುಂಡಿ ಥರ ಸವೆದು ಹೊಳೀತಿತ್ತು, ಅದನ್ನ ಇವಾಗ ಟೇಬಲ್ ಮೇಲೆ ಇಟ್ಕೊಂಡಿದೀನಿ. ಬ್ಲಾಕ್ ತೆಗ್ದೆ, ಬುಷ್, ಬೋಲ್ಟ್ ಎಲ್ಲ ಹೊಸದು, ಆಪು ತಿರುಗ್ಸಿ ಹಾಕಿ ಪಿನಿಯನ್ 3 ಡಿಗ್ರಿ ಕೆಳಗೆ ಬಂತು. 100 ಕಿಮೀ ಓಡ್ಸಿ ಯು ಬೋಲ್ಟ್ ಮತ್ತೆ ಟೈಟ್ ಮಾಡ್ದೆ, ಒಂದು ಕಾಲು ಸುತ್ತು ತಗೊಳ್ತು.

ನಮ್ಮ ಫ್ಯಾಕ್ಟರಿ ಯಾರ್ಡಲ್ಲಿ ಮಾಲೀಕರನ್ನ ಕೇಳಿ ಭಾನುವಾರ ನಾಲ್ಕು ಲಾಂಚ್ ಮಾಡ್ದೆ. ಮೊದಲೆರಡರಲ್ಲಿ ದಡ್ ಅಂತ ಒಂದೇ ಒಂದು ಸಲ, ಟ್ರ್ಯಾಕ್ಷನ್ ಬಾರ್ ಹಾಕಿದ್ಮೇಲೆ ಅದೂ ಇಲ್ಲ. ಗಾಡಿ ಎರಡು ಇಂಚು ಎತ್ತರ ಆಗಿದೆ, ನೋಡೋಕೆ ಮತ್ತೆ ಟ್ಯಾಕ್ಸಿ ಥರ ಕಾಣುತ್ತೆ ಅಂತ ಮನೇಲಿ ನಗ್ತಾರೆ. ಬಲಗಡೆ ಇನ್ನೂ ಸ್ವಲ್ಪ ಸ್ಪಿನ್ ಇದೆ, ಆದ್ರೆ ಗೆರೆ ಇವಾಗ ಚುಕ್ಕೆ ಅಲ್ಲ, ಉದ್ದಕ್ಕೆ ಒಂದೇ ಗೆರೆ. ಬ್ಯಾಟರಿ ಡಿಕ್ಕಿಯ ಬಲಮೂಲೆಗೆ ಹಾಕಿದ್ರೆ ಹೇಗೆ?

ಪೀಣ್ಯ_ಲೇತ್:
ಹಾಕಿ. ಕೇಬಲ್ ದಪ್ಪದ್ದು ತಗೊಳ್ಳಿ, ಬ್ಯಾಟರಿ ಹತ್ರಾನೇ ಫ್ಯೂಸ್, ಬ್ಯಾಟರಿನ ಪಟ್ಟಿ ಹಾಕಿ ಬಿಗಿಯಾಗಿ ಕಟ್ಟಿ. ಲಾಂಚ್ ದಿನ ಹಿಂದಿನ ಟೈರ್ 24 ಪಿಎಸ್‌ಐಗೆ ಇಳಿಸಿ ನೋಡಿ, ಮನೆಗೆ ಹೊರಡೋ ಮುಂಚೆ ವಾಪಸ್ ತುಂಬ್ಸಿ. ಆಮೇಲೆ ಬಲಗಡೆ ಗ್ಯಾಪ್ ಕಾಲು ಇಂಚು ಮಾಡಿ ಇನ್ನೊಂದು ಸ್ಲೋ ಮೋಷನ್ ತೆಗೆದು ಹಾಕಿ, ಸೀಮೆಸುಣ್ಣದ ಗೆರೆ ಮರೀಬೇಡಿ.