ಸಮಕಾಲೀನ ಸಂಗೀತವನ್ನೇ ನೆಚ್ಚಿದ ವಾದ್ಯವೃಂದ ನಿರ್ದೇಶಕರ ವೃತ್ತಿಜೀವನ ಹೇಗೆ ಬೆಳೆಯುತ್ತದೆ?

ಪ್ರಶ್ನೆ:
ಪಾಶ್ಚಾತ್ಯ ವಾದ್ಯವೃಂದಗಳ ನಿರ್ದೇಶಕರಲ್ಲಿ ಕೆಲವರು ಬೀಥೋವನ್, ಬ್ರಾಮ್ಸ್ ಅವರ ಕೃತಿಗಳಿಗಿಂತ ಹೆಚ್ಚಾಗಿ, ಈಚೆಗೆ ಬರೆದ, ಕೇಳುಗರಿಗೆ ಇನ್ನೂ ಪರಿಚಯವಾಗದ ಕೃತಿಗಳಿಂದಲೇ ಹೆಸರು ಮಾಡುತ್ತಾರೆ. ದೊಡ್ಡ ವಾದ್ಯವೃಂದಗಳು ಹಳೆಯ ಕೃತಿಗಳಿಗೇ ಹೆಚ್ಚಿನ ಸ್ಥಾನ ಕೊಡುವಾಗ ಇಂಥವರಿಗೆ ಕೆಲಸ ಎಲ್ಲಿ ಸಿಗುತ್ತದೆ? ‘ಹೊಸ ಸಂಗೀತದವರು’ ಎಂಬ ಹಣೆಪಟ್ಟಿ ಬಿದ್ದ ಮೇಲೂ ಮುಖ್ಯ ನಿರ್ದೇಶಕರ ಹುದ್ದೆ ದೊರೆಯುವುದುಂಟೆ? ತಿಳಿದವರು ವಿವರಿಸಬೇಕೆಂದು ವಿನಂತಿ.

ಉತ್ತರ 1:
ಇವರ ನೆಲೆ ಬಹುಮಟ್ಟಿಗೆ ಚಿಕ್ಕ ವೃಂದಗಳಲ್ಲಿದೆ. 1968ರಲ್ಲಿ ಲಂಡನ್ ಸಿನ್ಫೋನಿಯೆಟ್ಟಾ, 1976ರಲ್ಲಿ ಪ್ಯಾರಿಸ್ಸಿನ ಆನ್ಸಾಂಬ್ಲ್ ಇಂಟರ್‌ಕಾಂಟೆಂಪೊರೇನ್, 1980ರಲ್ಲಿ ಜರ್ಮನಿಯ ಎನ್ಸೆಂಬಲ್ ಮಾಡರ್ನ್ ಹುಟ್ಟಿಕೊಂಡ ಮೇಲೆ, ಹೊಸ ಕೃತಿಗಳನ್ನು ಬರೆಸಿ ನುಡಿಸುವುದೇ ಮುಖ್ಯ ಕಾರ್ಯವಾಗಿರುವ ಸಂಸ್ಥೆಗಳ ಒಂದು ಪರಂಪರೆಯೇ ಬೆಳೆಯಿತು. ಫಿನ್ಲೆಂಡಿನ ಸುಸಾನ್ನಾ ಮಾಲ್ಕಿ ಅವರ ಹಾದಿಯನ್ನು ನೋಡಿ: ಗೋಥೆನ್‌ಬರ್ಗ್ ವಾದ್ಯವೃಂದದಲ್ಲಿ ಪ್ರಧಾನ ಚೆಲ್ಲೊ ವಾದಕಿಯಾಗಿದ್ದವರು ನಿರ್ದೇಶನಕ್ಕೆ ತಿರುಗಿ, 2006ರಿಂದ 2013ರವರೆಗೆ ಆ ಪ್ಯಾರಿಸ್ ವೃಂದವನ್ನು ಮುನ್ನಡೆಸಿ, 2016ರಲ್ಲಿ ಹೆಲ್ಸಿಂಕಿ ಫಿಲ್ಹಾರ್ಮೋನಿಕ್‌ನ ಮುಖ್ಯ ನಿರ್ದೇಶಕಿಯಾದರು. ಹಣೆಪಟ್ಟಿ ಅವರನ್ನು ತಡೆಯಲಿಲ್ಲ.

ಉತ್ತರ 2:
ಕೆಲಸದ ಸ್ವರೂಪದ ಬಗ್ಗೆ ಒಂದೆರಡು ಮಾತು ಸೇರಿಸುತ್ತೇನೆ. ಪರಿಚಿತ ಸಿಂಫನಿಯೊಂದನ್ನು ವಾದಕರು ಹಲವು ಬಾರಿ ನುಡಿಸಿರುತ್ತಾರೆ. ಹೊಸ ಕೃತಿಯಾದರೆ ಅದು ಹೇಗೆ ಕೇಳಿಸಬೇಕೆಂಬುದು ಮೊದಲ ತಾಲೀಮಿಗೆ ಬರುವಾಗ ನಿರ್ದೇಶಕರ ಮನಸ್ಸಿನಲ್ಲಿ ಮಾತ್ರ ಇರುತ್ತದೆ. ಸಂಯೋಜಕರ ಮನಸ್ಸಿನಲ್ಲಿಯೂ ಇರುತ್ತದೆನ್ನಿ, ಆದರೆ ಅವರೂ ಕೆಲವೊಮ್ಮೆ ಅಲ್ಲೇ ತಿದ್ದುತ್ತಾ ಕುಳಿತಿರುತ್ತಾರೆ! ಆವರ್ತಕ್ಕೊಮ್ಮೆ ಬದಲಾಗುವ ತಾಳವನ್ನು ಕೈಯಲ್ಲಿ ಸ್ಪಷ್ಟವಾಗಿ ತೋರಿಸುವುದು, ದಟ್ಟವಾದ ಸ್ವರಸಮೂಹದ ನಡುವೆ ಒಂದು ಕ್ಲಾರಿನೆಟ್ ತಪ್ಪು ಸ್ವರ ನುಡಿಸಿದ್ದನ್ನು ಹಿಡಿಯುವುದು, ಸೀಮಿತ ತಾಲೀಮಿನಲ್ಲಿ ಯಾವ ಭಾಗಕ್ಕೆ ಎಷ್ಟು ಹೊತ್ತು ಎಂದು ಮೊದಲೇ ನಿರ್ಧರಿಸುವುದು, ಇವೇ ಇಲ್ಲಿನ ನಿಜವಾದ ಪರೀಕ್ಷೆ. ಸ್ಟಾಕ್‌ಹೌಸನ್ ಅವರ ‘ಗ್ರುಪ್ಪೆನ್’ ಕೃತಿಗೆ ಮೂರು ವಾದ್ಯವೃಂದಗಳೂ ಮೂವರು ನಿರ್ದೇಶಕರೂ ಬೇಕು. 1958ರ ಮೊದಲ ಪ್ರದರ್ಶನದಲ್ಲಿ ಸ್ವತಃ ಸಂಯೋಜಕರೊಂದಿಗೆ ಫ್ರಾನ್ಸಿನ ಪಿಯೆರ್ ಬುಲೆಜ್ ಮತ್ತು ಇಟಲಿಯ ಬ್ರೂನೊ ಮಡೆರ್ನಾ ನಿರ್ದೇಶಿಸಿದ್ದರು. ಬುಲೆಜ್ ಕೋಲು ಹಿಡಿಯದೆ ಬರಿಗೈಯಲ್ಲೇ ನಿರ್ದೇಶಿಸುತ್ತಿದ್ದರೆಂಬುದು ಪ್ರಸಿದ್ಧ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಹಾಗಾದರೆ ಹಳೆಯ ಕೃತಿಗಳ ಅಭ್ಯಾಸವನ್ನು ಆರಂಭದಲ್ಲೇ ಬದಿಗಿಡಬಹುದೆ?

ಉತ್ತರ 3:
ಖಂಡಿತ ಬೇಡ. ಮೊದಲ ಉತ್ತರದ ಆಶಾವಾದವನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಮೇಲೇರಿದವರ ಹೆಸರುಗಳಷ್ಟೇ ನಮಗೆ ಕಾಣುತ್ತವೆ, ಮತ್ತು ಹಾಗೆ ಏರಿದವರು ಹೊಸದೊಂದನ್ನೇ ನೆಚ್ಚಿದವರಲ್ಲ. 1971ರಿಂದ 1977ರವರೆಗೆ ನ್ಯೂಯಾರ್ಕ್ ಫಿಲ್ಹಾರ್ಮೋನಿಕ್‌ನ ಸಂಗೀತ ನಿರ್ದೇಶಕರಾಗಿದ್ದ ಬುಲೆಜ್, 1976ರಲ್ಲಿ ಬೈರಾಯ್ಟ್‌ನಲ್ಲಿ ಹತ್ತೊಂಬತ್ತನೆಯ ಶತಮಾನದ ವಾಗ್ನರ್ ಅವರ ನಾಲ್ಕು ಸಂಗೀತ ನಾಟಕಗಳ ಸರಣಿಯಾದ ‘ರಿಂಗ್’ ಅನ್ನೂ ನಿರ್ದೇಶಿಸಿದರು. ಅತಿಥಿಯಾಗಿ ಕರೆದ ದೊಡ್ಡ ವಾದ್ಯವೃಂದವು ಹೊಸ ಕೃತಿಯೊಂದರ ಜೊತೆಗೆ ಹಳೆಯದೊಂದನ್ನೂ ಕೇಳುವುದು ಸಾಮಾನ್ಯ, ಆಗ ಎರಡನೆಯದರಲ್ಲಿ ಎಡವಿದವರನ್ನು ಮತ್ತೆ ಕರೆಯುವ ಸಂಭವ ಕಡಿಮೆ. ಇನ್ನೊಂದು ಮಾತು: ಬುಲೆಜ್, ಮಡೆರ್ನಾ, ಆಲಿವರ್ ನಸೆನ್, ಎಸಾ-ಪೆಕ್ಕಾ ಸಲೊನೆನ್ ಇವರೆಲ್ಲ ಸ್ವತಃ ಸಂಯೋಜಕರು. ನೀವು ಸಂಯೋಜಕರಲ್ಲದಿದ್ದರೆ ಮಾಲ್ಕಿ ಅವರಂತೆ ಯಾವುದಾದರೂ ವಾದ್ಯದಲ್ಲಿ ಗಟ್ಟಿ ಹಿಡಿತ ಗಳಿಸಿ, ನಿಮ್ಮ ವಯಸ್ಸಿನ ಸಂಯೋಜಕರೊಡನೆ ವಿದ್ಯಾರ್ಥಿದೆಸೆಯಿಂದಲೇ ಕೆಲಸ ಮಾಡಲು ತೊಡಗಿ. ಅವರ ಮೊದಲ ಕೃತಿಗಳನ್ನು ಹುರುಪಿನಿಂದ ನಿರ್ದೇಶಿಸಿದವರನ್ನು, ಮುಂದೆ ದೊಡ್ಡ ಸಂಸ್ಥೆಯೊಂದು ಆ ಸಂಯೋಜಕರಿಂದ ಕೃತಿ ಬರೆಸುವಾಗ, ನಿರ್ದೇಶನಕ್ಕೆ ಆ ಸಂಯೋಜಕರೇ ಸೂಚಿಸುವ ಸಾಧ್ಯತೆ ಹೆಚ್ಚು.