ಸೊಂಟದ ಒಂದೇ ಬದಿಯ ನೋವು: ಕೀಲು ಜಾರಿದೆಯೇ?

ಪ್ರಶ್ನೆ: ನಮಸ್ಕಾರ ಡಾಕ್ಟರೇ. ನಾವು ಬದಿಯಡ್ಕದ ಹತ್ತಿರದವರು. ನನಗೆ 38 ವರ್ಷ. ಎರಡನೆಯ ಹೆರಿಗೆಯ ನಂತರ ಬಲಬದಿಯಲ್ಲಿ, ಸೊಂಟಕ್ಕಿಂತ ಕೆಳಗೆ ಶುರುವಾದ ನೋವು ಈ ವರ್ಷ ಅಡಿಕೆ ಸುಲಿಯಲು ಮಣೆಯ ಮೇಲೆ ಕುಳಿತಂದಿನಿಂದ ಹೆಚ್ಚಾಗಿದೆ. ಕುಳಿತಲ್ಲಿಂದ ಏಳುವಾಗ, ಜಗಲಿಯ ಮೆಟ್ಟಿಲು ಹತ್ತುವಾಗ, ಮಲಗಿದಲ್ಲಿ ಮಗ್ಗುಲು ಬದಲಿಸುವಾಗ ಚುಚ್ಚುತ್ತದೆ. ಎಂಆರ್‌ಐಯಲ್ಲಿ ಡಿಸ್ಕಿನ ದೋಷ ಕಾಣಲಿಲ್ಲ. ಕೀಲು ಜಾರಿದೆ, ಎಳೆದು ಕೂರಿಸಬೇಕು ಎಂದು ಒಬ್ಬರು ಹೇಳಿದ್ದಾರೆ. ಆಪರೇಶನ್ ಇಲ್ಲದೆ ಗುಣವಾದೀತೇ?

ಉತ್ತರ (ಫಿಸಿಯೋಥೆರಪಿಸ್ಟ್): ಅಕ್ಕ, ನೋವಿನ ಜಾಗವನ್ನು ಒಂದೇ ಬೆರಳಿನಿಂದ ತೋರಿಸಿ ನೋಡಿ. ಬೆನ್ನಿನ ಕೆಳಗೆ ಚರ್ಮದಲ್ಲಿ ಕಾಣುವ ಸಣ್ಣ ಕುಳಿಯ ಪಕ್ಕಕ್ಕೇ ಬೆರಳು ಹೋದರೆ, ಬೆನ್ನುಮೂಳೆಯ ಬುಡದ ತ್ರಿಕಾಸ್ಥಿಯು ಸೊಂಟದ ಮೂಳೆಗೆ ಸೇರುವ ಸ್ಯಾಕ್ರೋಇಲಿಯಾಕ್ ಕೀಲಿನ ಮೇಲೆ ಅನುಮಾನ ಬರುತ್ತದೆ. ಆದರೂ ಆ ಕೀಲನ್ನು ಒತ್ತಿ, ತಿರುಚಿ ನೋಡುವ ಐದಾರು ಪರೀಕ್ಷೆಗಳಲ್ಲಿ ಕನಿಷ್ಠ 3ರಲ್ಲಿ ಅದೇ ನೋವು ಮರುಕಳಿಸಿದರೆ ಮಾತ್ರ ನಾವು ಹಾಗೆ ಹೇಳುತ್ತೇವೆ.

ಜಾರಿದೆ ಎಂಬ ಮಾತಿಗೆ ದಯವಿಟ್ಟು ಹೆದರಬೇಡಿ. ದಪ್ಪನೆಯ ಅಸ್ಥಿರಜ್ಜುಗಳು ಬಿಗಿಹಿಡಿದಿರುವ ಈ ಕೀಲು ಅಲುಗುವುದೇ ಕೆಲವು ಡಿಗ್ರಿಗಳಷ್ಟು. ಎಳೆದಾಗ ಶಬ್ದವಾಗಿ ಕೆಲವು ದಿನ ಹಗುರವೆನಿಸಬಹುದು, ಆದರೆ ಮೂಳೆಯ ಸ್ಥಾನವೇನೂ ಬದಲಾಗುವುದಿಲ್ಲ. ಬಸುರಿಯಾದಾಗ ಸಡಿಲಗೊಂಡ ಅಸ್ಥಿರಜ್ಜುಗಳ ಮೇಲೆ ಗಂಟೆಗಟ್ಟಲೆ ಒಂದೇ ಬದಿಗೆ ವಾಲಿ ಕುಳಿತ ಭಾರ ಬಿದ್ದು ಕೀಲು ಕೆರಳಿರುವ ಸಾಧ್ಯತೆಯೇ ಹೆಚ್ಚು.

ಆದ್ದರಿಂದ ಸದ್ಯಕ್ಕೆ ಮಣೆ ಬಿಟ್ಟು ಎತ್ತರದ ಸ್ಟೂಲಿನಲ್ಲಿ ಕುಳಿತು, ಅರ್ಧ ಗಂಟೆಗೊಮ್ಮೆ ಎದ್ದು ನಡೆಯಿರಿ. ಒಂದೇ ಸೊಂಟದ ಮೇಲೆ ಕೊಡಪಾನ ಇಡುವುದು ಬೇಡ. ಮಲಗುವಾಗ ಮೊಣಕಾಲುಗಳ ನಡುವೆ ದಿಂಬಿರಲಿ. ಅಂಗಾತ ಮಲಗಿ, ಮೊಣಕಾಲು ಮಡಚಿ, ಪೃಷ್ಠವನ್ನು ಬಿಗಿಹಿಡಿದು ಸೊಂಟವನ್ನು ನಿಧಾನವಾಗಿ ಎತ್ತಿ, 5 ಸೆಕೆಂಡು ನಿಲ್ಲಿಸಿ ಇಳಿಸಿ. 10 ಸಲ, ದಿನಕ್ಕೆ ಎರಡು ಹೊತ್ತು. ನೋವು ಏರಿದರೆ ಎತ್ತರ ಕಡಿಮೆ ಮಾಡಿ. ಈ ಕೀಲಿಗೆ ಆಧಾರವಾಗಿ ಕಟ್ಟುವ ಸೊಂಟದ ಬೆಲ್ಟನ್ನು ಹೆಚ್ಚಿನವರು ಹೊಟ್ಟೆಯ ಮಟ್ಟಕ್ಕೆ ಕಟ್ಟಿಕೊಂಡು ಬರುತ್ತಾರೆ. ಈ ಬೆಲ್ಟು ತೊಡೆಯ ಬುಡದಲ್ಲಿ ಪಕ್ಕಕ್ಕೆ ಸಿಗುವ ಉಬ್ಬಿನ ತುಸು ಮೇಲೆ ಕೂರಬೇಕು. ವ್ಯಾಯಾಮದ ಫಲಕ್ಕೆ 6ರಿಂದ 12 ವಾರ ಬೇಕಾಗುತ್ತದೆ. ಆಮೇಲೂ ತಗ್ಗದಿದ್ದರೆ ಕೀಲಿಗೇ ಇಂಜೆಕ್ಷನ್, ಅದರಾಚೆಗೆ ನೋವಿನ ನರವನ್ನು ಬಿಸಿಯಿಂದ ಮಂಕುಗೊಳಿಸುವ ಚಿಕಿತ್ಸೆ ಇದೆ; ಎರಡಕ್ಕೂ ಕೊಯ್ಯಬೇಕಾಗಿಲ್ಲ.

ಇನ್ನೊಬ್ಬ ಸದಸ್ಯರ ಪ್ರಶ್ನೆ: ನನ್ನ ತಮ್ಮನಿಗೆ 26 ವರ್ಷ. ಅವನಿಗೂ ಇಂಥದೇ ನೋವು; ನಡೆದಾಡಿದರೆ ಹಗುರ, ಬೆಳಗ್ಗೆ ಏಳುವಾಗಲೇ ಹೆಚ್ಚು. ಇದೇ ವ್ಯಾಯಾಮ ಸಾಕೇ?

ಉತ್ತರ: ಸಾಲದು. ಬೆಳಗಿನ ಬಿಗಿತ ಅರ್ಧ ಗಂಟೆ ದಾಟುತ್ತಿದ್ದು, ನೋವು 3 ತಿಂಗಳು ಮೀರಿದ್ದರೆ ಅದು ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್, ಅಂದರೆ ಈ ಕೀಲು ಮತ್ತು ಬೆನ್ನುಮೂಳೆಯಲ್ಲಿ ಉರಿಯೂತ ತರುವ ವಾತರೋಗ, ಆಗಿರಬಹುದು. ತಡಮಾಡದೆ ರೂಮಟಾಲಜಿಸ್ಟರಿಗೆ (ವಾತರೋಗ ತಜ್ಞರಿಗೆ) ತೋರಿಸಿ. ಜ್ವರವಿದ್ದರೆ ಅಥವಾ ತೂಕ ಇಳಿಯುತ್ತಿದ್ದರೆ ಸೋಂಕಿನ ಪರೀಕ್ಷೆಯೂ ಆಗಬೇಕು. ಮೂತ್ರದ ಹಿಡಿತ ತಪ್ಪಿದರೆ ಅಥವಾ ತೊಡೆಸಂದು ಮರಗಟ್ಟಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ.