[ಪದಚರ್ಚೆ] 'ಬ್ಲ್ಯಾಕ್ ಸೂಪರ್ ಹೀರೊ'ಗೆ ಕನ್ನಡದಲ್ಲಿ ಏನು? ಪೋಸ್ಟರ್ ಸಂಜೆ ಅಚ್ಚಿಗೆ

ಎಸ್.ಕೆ.:
ನಮಸ್ಕಾರ. 'ಬ್ಲ್ಯಾಕ್ ಪ್ಯಾಂಥರ್' (2018) ಪ್ರದರ್ಶನದ ಪೋಸ್ಟರ್ ಸಂಜೆ 5ಕ್ಕೆ ಅಚ್ಚಿಗೆ ಹೋಗಬೇಕು. ಈಗಿರುವ ಸಾಲು: "ಬೆಳ್ಳಿತೆರೆಯ ಮೊದಲ ಕರಿಯ ಮಹಾವೀರ". 'ಕರಿಯ' ಬೈಗುಳದಂತೆ ಕೇಳುತ್ತದೆ, 'ಮಹಾವೀರ' ಎಂದರೆ ತೀರ್ಥಂಕರರ ನೆನಪಾಗುತ್ತದೆ. ಸಿನಿಮಾದ ಹೆಸರನ್ನೂ 'ಕರಿಚಿರತೆ' ಎಂದು ಮಾಡಬಹುದೇ?

ಜಿ.ಎನ್.:
'ಕಾರ್ಚಿರತೆ' ಆಗಬೇಕು. ಕರಿದು + ಮುಗಿಲು ಕಾರ್ಮುಗಿಲು, ಕರಿದು + ಇರುಳು ಕಾರಿರುಳು. ಸೂಪರ್ ಹೀರೊಗೆ 'ಕಡುಗಲಿ' ಇರುವಾಗ ಎರವಲು ಯಾಕೆ? 'ಕರಿಯ'ದಲ್ಲಿ ತಪ್ಪಿಲ್ಲ. ಕರಿಯಪ್ಪ, ಕರಿಯಮ್ಮ ನಮ್ಮವೇ ಹೆಸರುಗಳು.

ಆರ್.:
ಮೇಷ್ಟ್ರೇ, ಸಮಾಸ ಸರಿ, ಪೋಸ್ಟರಿಗೆ ಆಗದು. ಅರ್ಕಾವೊತ್ತು ಹಾಕಿದ 'ಕಾರ್ಚಿ'ಯನ್ನು ದೂರದಿಂದ ಯಾರೂ ಓದಲಾರರು. ಕಬಿನಿ ಹಿನ್ನೀರಿನ ಪ್ರಾಣಿಯನ್ನು ಜನ ಆಗಲೇ ಕರಿಚಿರತೆ ಎನ್ನುತ್ತಾರೆ. ಅದು ಬೇರೆ ಜಾತಿಯಲ್ಲ, ಚಿರತೆಯೇ. ಓರೆ ಬಿಸಿಲು ಬಿದ್ದರೆ ಕಪ್ಪಿನೊಳಗಿನ ಚುಕ್ಕೆಗಳು ಕಾಣುತ್ತವೆ. ಪ್ರಾಣಿಗೆ ಆ ಪದ ಸಾಕು.

ಸಿನಿಮಾದ ಹೆಸರನ್ನು ಮಾತ್ರ ಮುಟ್ಟಬೇಡಿ. ಸಿನಿಮಾದ ಕಲ್ಪಿತ ಆಫ್ರಿಕನ್ ದೇಶ ವಕಾಂಡದಲ್ಲಿ ಅದು ಅಂಕಿತನಾಮವಲ್ಲ, ಪಟ್ಟಕ್ಕೆ ಬಂದವನ ಬಿರುದು, ಹಾಗಾಗಿ ಅನುವಾದಿಸಬಹುದು ಎಂಬ ವಾದ ಇದೆ. ಆದರೆ 'ಪ್ಯಾಂಥರ್' ಎಂಬ ಪದಕ್ಕೆ ಅದರದೇ ಚರಿತ್ರೆ ಇದೆ. ಕಾಮಿಕ್ಸ್‌ನಲ್ಲಿ ಈ ಪಾತ್ರ ಬಂದದ್ದು 1966ರಲ್ಲಿ. ಅದೇ ವರ್ಷ ಅಕ್ಟೋಬರ್‌ನಲ್ಲಿ ಅಮೆರಿಕದ ಓಕ್ಲೆಂಡ್‌ನಲ್ಲಿ ಕಪ್ಪು ಜನರ ಹಕ್ಕಿಗಾಗಿ ಬ್ಲ್ಯಾಕ್ ಪ್ಯಾಂಥರ್ ಪಕ್ಷ ಹುಟ್ಟಿತು. ಆ ಪಕ್ಷದ ಹೆಸರಿನಿಂದಲೇ 1972ರಲ್ಲಿ ಮುಂಬೈಯಲ್ಲಿ ದಲಿತ ಪ್ಯಾಂಥರ್ಸ್. ಸಿನಿಮಾ ಶುರುವಾಗುವುದೂ 1992ರ ಓಕ್ಲೆಂಡ್‌ನಲ್ಲೇ. 'ಕರಿಚಿರತೆ' ಎಂದರೆ ಇದೆಲ್ಲ ಅಳಿಸಿಹೋಗುತ್ತದೆ.

'ಕಡುಗಲಿ' ಧೈರ್ಯದ ಪದ, ಅಸಾಮಾನ್ಯ ಶಕ್ತಿಯದಲ್ಲ. ಸಿನಿಮಾದ ನಾಯಕ ಟಿಚಾಲನಿಗೆ ಒಂದು ಮೂಲಿಕೆಯಿಂದ ಅಸಾಮಾನ್ಯ ಬಲ ಬಂದಿರುತ್ತದೆ, ಪಟ್ಟದ ಕಾಳಗಕ್ಕೆ ಮುಂಚೆ ಅದನ್ನು ಇಳಿಸುತ್ತಾರೆ. ಬಲವಿಲ್ಲದೆ ಜಲಪಾತದ ಅಂಚಿನಲ್ಲಿ ಕಾದುವಾಗ ಅವನು ಕಡುಗಲಿ. ಬಲ ಮರಳಿದ ಮೇಲೆ ಸೂಪರ್ ಹೀರೊ.

'ಮೊದಲ' ತೆಗೆಯಿರಿ. ಕಪ್ಪು ಸೂಪರ್ ಹೀರೊ ಇರುವ 'ಬ್ಲೇಡ್' ಸಿನಿಮಾ 1998ರಲ್ಲೇ ಬಂದಿತ್ತು. ಟಿಚಾಲ ಕೂಡ ತೆರೆಗೆ ಮೊದಲು ಬಂದದ್ದು 2016ರಲ್ಲಿ, ಕ್ಯಾಪ್ಟನ್ ಅಮೆರಿಕಾನ ಸಿನಿಮಾದಲ್ಲಿ.

ಎಸ್.ಕೆ.:
ಹಾಗಾದರೆ 'ಕಪ್ಪು ಸೂಪರ್ ಹೀರೊ'?

ಎಂ.:
ಬೇಡ. ಕಪ್ಪು ಉಡುಪೋ, ಕಪ್ಪು ಮನುಷ್ಯನೋ? ಬ್ಯಾಟ್‌ಮನ್ ಉಡುಪೂ ಕಪ್ಪೇ. ಇಂಗ್ಲಿಷಿನಲ್ಲಿ ಜನರ ಬಗ್ಗೆ 'ಬ್ಲ್ಯಾಕ್' ಎಂದು ಬರೆಯುವಾಗ ಅದರ ಮೊದಲ ಅಕ್ಷರವನ್ನು ದೊಡ್ಡದು ಮಾಡುತ್ತಾರೆ, ಎಪಿ ಸುದ್ದಿಸಂಸ್ಥೆ 2020ರಲ್ಲಿ ಅದನ್ನೇ ನಿಯಮ ಮಾಡಿತು. ನಮ್ಮ ಲಿಪಿಯಲ್ಲಿ ದೊಡ್ಡಕ್ಷರ ಇಲ್ಲ. ಆ ಕೆಲಸವನ್ನು ಷಷ್ಠಿ ವಿಭಕ್ತಿಯಿಂದ ಮಾಡಿಸಬೇಕು: 'ಕಪ್ಪು ಜನರ ಸೂಪರ್ ಹೀರೊ'. 'ಆಫ್ರಿಕನ್ ಅಮೆರಿಕನ್' ತಪ್ಪು, ಟಿಚಾಲ ಆಫ್ರಿಕಾದ ದೊರೆ. 'ಕೃಷ್ಣವರ್ಣೀಯ' ಚರ್ಮವನ್ನಷ್ಟೇ ಹೇಳುತ್ತದೆ, ಸಮುದಾಯವನ್ನಲ್ಲ. ಜಿ.ಎನ್. ಸರ್, ಕರಿಯಪ್ಪ ತಂದೆತಾಯಿ ಇಟ್ಟ ಹೆಸರು. 'ಏ ಕರಿಯ' ಬೀದಿಯಲ್ಲಿ ಕೂಗುವ ಮಾತು. ಎರಡೂ ಒಂದೇ ಅಲ್ಲ.

ಜಿ.ಎನ್.:
ಷಷ್ಠಿ ಒಪ್ಪುತ್ತೇನೆ. ಹೀರೊ ಒಪ್ಪುವುದಿಲ್ಲ. ಹೀಗೆ ಒಂದೊಂದೇ ಬಿಟ್ಟುಕೊಟ್ಟರೆ ಕೊನೆಗೆ ವಿಭಕ್ತಿ ಪ್ರತ್ಯಯ ಮಾತ್ರ ಕನ್ನಡದ್ದಾಗಿ ಉಳಿಯುತ್ತದೆ.

ಆರ್.:
'ವೀರ' ಸಂಸ್ಕೃತದಿಂದ ಬಂತು, 'ಬೆಳ್ಳಿತೆರೆ' ಇಂಗ್ಲಿಷಿನ ಪಡಿಯಚ್ಚು. ಅವನ್ನು ಒಪ್ಪಿ ಇದನ್ನು ಮಾತ್ರ ತಡೆಯುವುದು ಯಾವ ನಿಯಮ?

ಜಿ.ಎನ್.:
ಸಾವಿರ ವರ್ಷ ಬಾಳಿದ ಪದಕ್ಕೂ ನಿನ್ನೆ ಬಂದದ್ದಕ್ಕೂ ವ್ಯತ್ಯಾಸ ಕಾಣದವರ ಜೊತೆ ಚರ್ಚೆ ಬೇಡ.

ಎಂ.:
ಎಸ್.ಕೆ., ಅಚ್ಚಿನ ವಿಷಯ. 'ಬ್ಲಾಕ್' ಎಂದು ಬರೆಯಬೇಡಿ, ಅಡ್ಡಗಟ್ಟು ಎಂದಾಗುತ್ತದೆ. 'ಬ್ಲ್ಯಾ' ಎಂದೇ ಬರೆಯಿರಿ. ಅದರ ಕೆಳಗೆ ಲ, ಯ ಎರಡೂ ಒತ್ತುಗಳು ಬರುತ್ತವೆ. ಸಾಲಿನ ಅಂತರ ಅಕ್ಷರದ ಅಳತೆಯ 1.2 ಪಟ್ಟು ಇದ್ದರೆ ಒತ್ತು ಕೆಳಸಾಲಿನ ಗುಡಿಸಿಗೆ ತಗುಲುತ್ತದೆ, 1.5 ಇಡಿ. 'ಪ್ಯಾಂಥರ್'ಗೆ ಪ್ರತ್ಯಯ ನೇರವಾಗಿ ಹಚ್ಚಿದರೆ 'ಪ್ಯಾಂಥರ್ಗೆ' ಎಂದು ಅರ್ಕಾವೊತ್ತು ಮೂಡುತ್ತದೆ. ನಡುವೆ ಝೀರೋ ವಿಡ್ತ್ ನಾನ್ ಜಾಯ್ನರ್ (ಅಕ್ಷರಗಳು ಕೂಡದಂತೆ ತಡೆಯುವ, ಕಣ್ಣಿಗೆ ಕಾಣದ ಚಿಹ್ನೆ) ಹಾಕಿ, ಇಲ್ಲವೇ 'ಪ್ಯಾಂಥರಿಗೆ' ಎನ್ನಿ. ಕಡತವನ್ನು ಪಿಡಿಎಫ್ ಮಾಡಿದ ಮೇಲೆ ಇನ್ನೊಮ್ಮೆ ಓದಿ. ಫಾಂಟ್ ಅಡಕವಾಗದಿದ್ದರೆ ಪ್ರೆಸ್‌ನ ಕಂಪ್ಯೂಟರಿನಲ್ಲಿ ಒತ್ತುಗಳು ಪಕ್ಕಕ್ಕೆ ಬಿದ್ದಿರುತ್ತವೆ.

ಎಸ್.ಕೆ.:
ಎಲ್ಲರಿಗೂ ಧನ್ಯವಾದ. ಹೀಗೆ ಕಳಿಸುತ್ತಿದ್ದೇನೆ, ಅಂತರ 1.5:

ಬ್ಲ್ಯಾಕ್ ಪ್ಯಾಂಥರ್
ಬೆಳ್ಳಿತೆರೆಯ ಮೇಲೆ ಕಪ್ಪು ಜನರ ಸೂಪರ್ ಹೀರೊ

ಜಿ.ಎನ್.:
ಎರಡನೇ ಸಾಲಿಗೆ ನನ್ನ ಆಕ್ಷೇಪ ಇದ್ದೇ ಇದೆ. ಮೊದಲ ಸಾಲಿನ ಯ-ಒತ್ತು ಅಂಚಿನಲ್ಲಿ ಕತ್ತರಿಸಿಹೋಗದಂತೆ ನೋಡಿಕೊಳ್ಳಿ.